ಅವಘಡವನ್ನು ಯಾರಿಗೆ, ಹೇಗೆ ತಿಳಿಸಬೇಕು? ಸಂಸ್ಥೆಗಳಲ್ಲಿ ಘಟನಾ ವರದಿ: ಒಂದು ಕೈಪಿಡಿ



ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ ಭೀಮಾ ನದಿಯ ದಡದಲ್ಲಿ ಸನ್ನತಿ ಎಂಬ ಊರಿದೆ. ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಕಾ ಗುಡಿಯ ಛಾವಣಿ 1986ರಲ್ಲಿ ಕುಸಿದು ಬಿತ್ತು. ಗುಡಿಯನ್ನು ಸರಿಪಡಿಸಲು ಹೊರಟಾಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಎರಡೂ ಬದಿಗಳಲ್ಲಿ ಬ್ರಾಹ್ಮಿ ಲಿಪಿಯ ಬರಹ ಕಾಣಿಸಿತು. ಅದು ಸಾಮ್ರಾಟ ಅಶೋಕನ ಶಾಸನ. ಶಾಸನವೆಂದು ತಿಳಿಯದೆ ಯಾರೋ ಅದರ ನಡುವೆ ತೂತು ಕೊರೆದು ಪೀಠ ಮಾಡಿಕೊಂಡಿದ್ದರು.

ಆ ಕಲ್ಲಿನ ಒಂದು ಬದಿಯಲ್ಲಿರುವುದು ‘ಪ್ರತ್ಯೇಕ ಶಾಸನ’ಗಳೆಂದು ವಿದ್ವಾಂಸರು ಕರೆಯುವ ಎರಡು ಆಜ್ಞೆಗಳು. ಸನ್ನತಿಗಿಂತ ಮೊದಲು ಅವು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು. ಸನ್ನತಿಯ ಕಲ್ಲು ಒಡೆದು ಸವೆದಿರುವುದರಿಂದ ಪೂರ್ಣ ಪಾಠಕ್ಕೆ ಒಡಿಶಾದ ಪ್ರತಿಗಳನ್ನೇ ನೋಡಬೇಕು. ಮೊದಲನೆಯ ಆಜ್ಞೆ ಅಧಿಕಾರಿಗಳಿಗೆ ಬರೆದದ್ದು. ಕಾರಣವಿಲ್ಲದೆ ಒಬ್ಬನು ಸೆರೆಯಲ್ಲಿ ನರಳಿದರೆ ಅವನೊಂದಿಗೆ ಇನ್ನೂ ಅನೇಕರು ದುಃಖಪಡುತ್ತಾರೆ, ಹಾಗಾಗಬಾರದು ಎಂಬುದು ಅದರ ತಾತ್ಪರ್ಯ. ಅಸೂಯೆ, ಕೋಪ, ಕ್ರೌರ್ಯ, ಆತುರ, ಸೋಮಾರಿತನ, ಆಯಾಸ ಇವು ಅಧಿಕಾರಿಯನ್ನು ನ್ಯಾಯದಿಂದ ದೂರ ಮಾಡುವ ದೋಷಗಳೆಂದೂ ಅದು ಎಣಿಸುತ್ತದೆ. ನಿಗದಿತ ದಿನಗಳಲ್ಲಿ ಇದನ್ನು ಜನರಿಗೆ ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬಹುದು. ಐದು ವರ್ಷಕ್ಕೊಮ್ಮೆ ತಪಾಸಣೆಗೆ ಅಧಿಕಾರಿಯನ್ನು ಕಳಿಸಲಾಗುವುದು ಎಂಬ ಏರ್ಪಾಡೂ ಇದೆ.

ಇದೇ ಅರಸನ ಇನ್ನೊಂದು ಶಾಸನ ಕರ್ನೂಲು ಜಿಲ್ಲೆಯ ಎರ್ರಗುಡಿ ಮುಂತಾದ ಕಡೆಗಳಲ್ಲಿದೆ. ತಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ವಿಷಯವನ್ನು ವರದಿಗಾರರು ಯಾವ ಹೊತ್ತಿನಲ್ಲಾದರೂ ತನಗೆ ತಿಳಿಸಬೇಕೆಂದು ಅದರಲ್ಲಿ ಹೇಳಿದ್ದಾನೆ. ಬರೆದಿಟ್ಟ ನಿಯಮ, ಎಲ್ಲರಿಗೂ ಓದಿ ಹೇಳುವುದು, ಹೊರಗಿನವರ ತಪಾಸಣೆ, ಹೊತ್ತಿಲ್ಲದ ಹೊತ್ತಿನಲ್ಲೂ ಕೇಳುವ ಕಿವಿ: ಇಂದು ‘ಘಟನಾ ವರದಿ ವ್ಯವಸ್ಥೆ’ ಎಂದು ನಾವು ಕರೆಯುವುದರಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ.

ನಮ್ಮ ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯ, ಅನಾಥಾಲಯ ಹಾಗೂ ಧರ್ಮಕೇಂದ್ರಗಳಲ್ಲಿ ದುಡಿಯುವವರಿಗೆ ಉಪಯೋಗವಾಗಲೆಂದು ಈ ವಿಷಯದ ಮುಖ್ಯ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಘಟನಾ ವರದಿ ಎಂದರೇನು?

ಸಂಸ್ಥೆಯೊಂದರಲ್ಲಿ ಯಾರಿಗಾದರೂ ಹಾನಿಯಾದಾಗ, ಅಥವಾ ಹಾನಿಯಾಗುವುದು ಸ್ವಲ್ಪದರಲ್ಲಿ ತಪ್ಪಿದಾಗ, ಅದನ್ನು ಕಂಡವರು ಕ್ರಮ ಕೈಗೊಳ್ಳಬಲ್ಲವರಿಗೆ ತಿಳಿಸಿ ದಾಖಲೆ ಮಾಡುವುದೇ ಘಟನಾ ವರದಿ. ಇದರಲ್ಲಿ ನಾಲ್ಕು ಬಗೆಗಳಿವೆ.

1. ಅಪಘಾತ: ಒಬ್ಬರಿಗೆ ಪೆಟ್ಟಾಗಿದೆ ಅಥವಾ ಜೀವ ಹೋಗಿದೆ.
2. ಅಪಾಯಕಾರಿ ಘಟನೆ: ಯಾರಿಗೂ ಪೆಟ್ಟಾಗಿಲ್ಲ, ಆದರೆ ಗೋಡೆ ಕುಸಿದಿದೆ, ಬಾಯ್ಲರ್ ಸಿಡಿದಿದೆ, ಬೆಂಕಿ ಹೊತ್ತಿದೆ.
3. ಸ್ವಲ್ಪದರಲ್ಲಿ ತಪ್ಪಿದ ಅವಘಡ: ದಾದಿ ತಪ್ಪು ಔಷಧಿ ಕೈಗೆತ್ತಿಕೊಂಡು, ಕೊಡುವ ಮೊದಲು ಗಮನಿಸಿದಳು. ಶಾಲಾ ವಾಹನದ ಬ್ರೇಕು ಒಂದು ಸಲ ಹಿಡಿಯಲಿಲ್ಲ.
4. ದುರ್ವರ್ತನೆ: ಹೊಡೆತ, ಕಿರುಕುಳ, ಲೈಂಗಿಕ ದೌರ್ಜನ್ಯ, ಹಣದ ದುರುಪಯೋಗ.

ಇವುಗಳಲ್ಲಿ ಮೂರನೆಯದು ಅತಿ ಹೆಚ್ಚು ನಡೆಯುತ್ತದೆ, ಅತಿ ಕಡಿಮೆ ವರದಿಯಾಗುತ್ತದೆ. ಅಮೆರಿಕದ ಹೈನ್ರಿಚ್ ಎಂಬವರು 1931ರಲ್ಲಿ ಒಂದು ಗಂಭೀರ ಅಪಘಾತದ ಹಿಂದೆ 29 ಸಣ್ಣ ಪೆಟ್ಟುಗಳೂ ಪೆಟ್ಟಾಗದ 300 ಘಟನೆಗಳೂ ಇರುತ್ತವೆ ಎಂದು ಬರೆದರು. ಆ ಲೆಕ್ಕ ಎಲ್ಲ ಕಡೆಗೂ ಹೊಂದುವುದಿಲ್ಲವೆಂದು ಮುಂದಿನವರು ಟೀಕಿಸಿದ್ದಾರೆ. ಆದರೆ ದೊಡ್ಡ ಅವಘಡಕ್ಕೆ ಮೊದಲು ಸಣ್ಣ ಸೂಚನೆಗಳು ಸಿಗುತ್ತವೆ ಎಂಬುದು ಕೆಲಸದ ಜಾಗಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ನಾಲ್ಕನೆಯದನ್ನು ಉಳಿದ ಮೂರರಿಂದ ಬೇರೆಯಾಗಿ ನೋಡಬೇಕು. ಕೈತಪ್ಪಿ ಆದ ತಪ್ಪನ್ನು ಕ್ಷಮಿಸಿ ಅದರಿಂದ ಕಲಿಯಬಹುದು. ಅಪರಾಧವನ್ನು ಸಂಸ್ಥೆಯ ಒಳಗೇ ‘ಸರಿಪಡಿಸುವ’ ಅಧಿಕಾರ ಯಾರಿಗೂ ಇಲ್ಲ. ಈ ಎರಡನ್ನು ಬೆರೆಸಿದಲ್ಲಿಯೇ ಅನೇಕ ಸಂಸ್ಥೆಗಳು ಎಡವಿವೆ.

ಕಲ್ಲು ಮತ್ತು ಸಿಮೆಂಟಿನ ನಾಡಿನಲ್ಲಿ

ಸನ್ನತಿಯ ಸುತ್ತಲಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆ ಸುಣ್ಣಕಲ್ಲಿನ ನೆಲ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅಲ್ಲಿಯದು. ವಾಡಿ ಮತ್ತು ಸೇಡಂನ ದೊಡ್ಡ ಸಿಮೆಂಟ್ ಕಾರ್ಖಾನೆಗಳು ನಾಡಿಗೆಲ್ಲ ಗೊತ್ತು. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ರಚನೆಯಾಯಿತು. ಕರಾವಳಿಯಿಂದ ಹೋದ ಗುರುಗಳೂ ಧರ್ಮಭಗಿನಿಯರೂ ಆ ಕಡೆ ಸೇವೆಯಲ್ಲಿದ್ದಾರೆ. ಆದ್ದರಿಂದ ಆ ನಾಡಿನ ಕಾರ್ಮಿಕರ ವಿಷಯ ನಮಗೆ ದೂರದ್ದಲ್ಲ.

ಕಾರ್ಖಾನೆ ಮತ್ತು ಗಣಿಗಳಲ್ಲಿ ಅವಘಡದ ವರದಿ ಮಾಲೀಕರ ಇಷ್ಟಕ್ಕೆ ಬಿಟ್ಟ ವಿಷಯವಾಗಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಸಾವಿನ ವಿಷಯವನ್ನೂ, 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲಾಗದಂಥ ಪೆಟ್ಟನ್ನೂ ಅಧಿಕಾರಿಗಳಿಗೆ ತಿಳಿಸಬೇಕೆಂದಿತ್ತು. 1952ರ ಗಣಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಅಪಘಾತದ ಸೂಚನೆಯ ಒಂದು ಪ್ರತಿಯನ್ನು ಕಾರ್ಮಿಕ ಸಂಘದವರು ನೋಡಬಹುದಾದ ಫಲಕದಲ್ಲಿ ಕನಿಷ್ಠ 14 ದಿನ ತೂಗುಹಾಕಬೇಕಿತ್ತು. ಸಾವು ಅಥವಾ ತೀವ್ರ ಗಾಯವಾದ ಜಾಗವನ್ನು ತಪಾಸಣಾಧಿಕಾರಿ ಬರುವವರೆಗೆ ಅಲುಗಿಸಬಾರದಿತ್ತು. ಗಾಯಾಳುಗಳನ್ನು ಹೊರತರಲು ಮತ್ತು ಇನ್ನಷ್ಟು ಅಪಾಯ ತಡೆಯಲು ವಿನಾಯಿತಿ ಇತ್ತು. ಸಾಕ್ಷ್ಯವನ್ನು ತೊಳೆದುಹಾಕಲು ಅವಕಾಶ ಕೊಡಬಾರದು, ಜೊತೆಗೆ ದುಡಿಯುವವರಿಂದ ಸುದ್ದಿ ಮುಚ್ಚಿಡಬಾರದು ಎಂಬ ಎರಡು ಪಾಠಗಳು ಇದರಲ್ಲಿವೆ.

2025ರ ನವೆಂಬರ್ 21ರಿಂದ ಈ ಕಾಯ್ದೆಗಳ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಬಂದಿದೆ. ಸಾವು ಮತ್ತು 48 ಗಂಟೆಯ ನಿಯಮ ಅದರಲ್ಲಿಯೂ ಮುಂದುವರಿದಿದೆ. ಸಾವಿನ ಪ್ರಕರಣದಲ್ಲಿ ಸೂಚನೆ ತಲುಪಿದ ಎರಡು ತಿಂಗಳೊಳಗೆ ಅಧಿಕಾರಿ ವಿಚಾರಣೆ ನಡೆಸಬೇಕು. ಕೆಲಸಗಾರನ ಕಣ್ಣಿಗೆ ಅಸುರಕ್ಷಿತ ಸ್ಥಿತಿ ಬಿದ್ದರೆ ಆದಷ್ಟು ಬೇಗ ತಿಳಿಸುವುದು ಅವನ ಕರ್ತವ್ಯ. ತಕ್ಷಣದ ಅಪಾಯವಿದೆ ಎಂದು ನ್ಯಾಯವಾಗಿ ಅನಿಸಿದರೆ ಮಾಲೀಕರ ಗಮನಕ್ಕೂ ತಪಾಸಣಾಧಿಕಾರಿಯ ಗಮನಕ್ಕೂ ತರುವುದು ಅವನ ಹಕ್ಕು.

ನಮ್ಮ ಆಸ್ಪತ್ರೆ ಮತ್ತು ಔಷಧಾಲಯಗಳಲ್ಲಿ ಇರುವವರು ಮುಖ್ಯವಾಗಿ ಗಮನಿಸಬೇಕಾದ ಮಾತೊಂದಿದೆ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್‌ನಂಥ ಪಟ್ಟಿಯಲ್ಲಿರುವ ಉದ್ಯೋಗಜನ್ಯ ರೋಗವನ್ನು ಕಾರ್ಮಿಕನಲ್ಲಿ ಕಂಡ ವೈದ್ಯರು ಅದನ್ನು ಬರವಣಿಗೆಯಲ್ಲಿ ಸರಕಾರಕ್ಕೆ ತಿಳಿಸಬೇಕು. ಹಳೆಯ ಕಾನೂನೂ ಇದನ್ನೇ ಹೇಳಿತ್ತು, ಹೊಸದೂ ಹೇಳುತ್ತದೆ. ಕೆಮ್ಮಿಕೊಂಡು ಬಂದ ಗಣಿ ಕೆಲಸಗಾರನಿಗೆ ಮಾತ್ರೆ ಕೊಟ್ಟು ಕಳಿಸಿದರೆ ವೈದ್ಯರ ಕರ್ತವ್ಯ ಮುಗಿಯುವುದಿಲ್ಲ. ‘ಏನು ಕೆಲಸ ಮಾಡುತ್ತೀರಿ? ಎಷ್ಟು ವರ್ಷದಿಂದ?’ ಎಂದು ಕೇಳಿ ಚೀಟಿಯಲ್ಲಿ ಬರೆಯುವುದರಿಂದ ವರದಿ ಆರಂಭವಾಗುತ್ತದೆ.

ವರದಿ ಇಲ್ಲದಿದ್ದರೆ ನಷ್ಟವಾಗುವುದು ಯಾರಿಗೆ? ಗುತ್ತಿಗೆಯ ಕೂಲಿಯವನ ಪೆಟ್ಟು ಪುಸ್ತಕದಲ್ಲಿ ಬರೆಯಲ್ಪಡದಿದ್ದರೆ, ಅವನು ಆ ದಿನ ಅಲ್ಲಿ ಕೆಲಸದಲ್ಲಿದ್ದನೆಂದು ತೋರಿಸುವ ಹೊರೆ ಅವನ ಹೆಂಡತಿಯ ತಲೆಯ ಮೇಲೆ ಬೀಳುತ್ತದೆ. ಪರಿಹಾರದ ಕಾಗದಗಳೆಲ್ಲ ಆ ಒಂದು ಸಾಲಿನಿಂದ ಹೊರಡುತ್ತವೆ.

ಜನ ಯಾಕೆ ಹೇಳುವುದಿಲ್ಲ?

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ದೀಕ್ಷೆಯಾದ ಹೊಸತರಲ್ಲಿ ನಾವು ಒಂದು ವಿದ್ಯಾರ್ಥಿನಿಲಯದಲ್ಲಿ ಸಹಾಯಕರಾಗಿದ್ದೆವು. ಅಡುಗೆ ಮಾಡುವ ಹೆಂಗಸು ಒಂದು ಬೆಳಗ್ಗೆ ಬಂದು, ಗ್ಯಾಸಿನ ಪೈಪು ಒಲೆಯ ಹತ್ತಿರ ಬಿರುಕು ಬಿಟ್ಟಿದೆ, ವಾಸನೆ ಬರುತ್ತದೆ ಎಂದರು. ‘ಆಯಿತು, ನೋಡುವ’ ಎಂದೆವು. ಎರಡು ದಿನ ಬಿಟ್ಟು ಅವರು ವಾರ್ಡನ್‌ಗೂ ಹೇಳಿದರು. ಪರೀಕ್ಷೆಯ ಗಡಿಬಿಡಿ, ಯಾರೂ ಹೋಗಿ ನೋಡಲಿಲ್ಲ. ಅವರೇ ಬಟ್ಟೆ ಸುತ್ತಿ ಕೆಲಸ ಸಾಗಿಸಿದರು. ನಾಲ್ಕನೆಯ ದಿನ ಬೆಂಕಿ ಹತ್ತಿತು. ಮಕ್ಕಳು ಶಾಲೆಗೆ ಹೋಗಿದ್ದರು. ಅವರ ಬಲಗೈ ಮೊಣಕೈವರೆಗೆ ಸುಟ್ಟಿತು.

ರಿಜಿಸ್ಟರಿನಲ್ಲಿ ಬಂದ ಬರಹ ಹೀಗಿತ್ತು: ‘ಅಡುಗೆಮನೆಯಲ್ಲಿ ಸಣ್ಣ ಬೆಂಕಿ, ನಂದಿಸಲಾಯಿತು.’ ಎರಡು ಸಲ ಹೇಳಿದ್ದ ಮಾತು ಅದರಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ನಾವು, ಬರೆದು ಕೊಡಬಹುದಿತ್ತಲ್ಲ ಎಂದು ಕೇಳಿದೆವು. ‘ನಂಗೆ ಬರೀಲಿಕ್ಕೆ ಬರುದಿಲ್ಲ ಫಾದರ್. ಬಾಯಲ್ಲಿ ಹೇಳಿದ್ದೆನಲ್ಲ’ ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ವರದಿ ಬರುವುದಿಲ್ಲ ಎಂದು ದೂರುವ ಮುಖ್ಯಸ್ಥರು ಮೊದಲು ಇದನ್ನು ಕೇಳಿಕೊಳ್ಳಬೇಕು: ವರದಿ ಬರಲಿಲ್ಲವೋ, ಬಂದದ್ದು ನಮಗೆ ವರದಿಯೆಂದು ತೋರಲಿಲ್ಲವೋ? ಹೇಳದಿರಲು ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಇವು:

• ಕೆಲಸ ಹೋದೀತೆಂಬ ಭಯ. ಗುತ್ತಿಗೆ ನೌಕರರಲ್ಲಿ ಮತ್ತು ದಿನಗೂಲಿಯವರಲ್ಲಿ ಇದು ಹೆಚ್ಚು.
• ಹೇಳಿದರೆ ಏನೂ ಆಗುವುದಿಲ್ಲ ಎಂಬ ಅನುಭವ.
• ತಪ್ಪು ಒಪ್ಪಿದವನಿಗೇ ಶಿಕ್ಷೆಯಾಗುತ್ತದೆ ಎಂಬ ತಿಳಿವಳಿಕೆ.
• ಹೊರಗೆ ಗೊತ್ತಾದರೆ ಸಂಸ್ಥೆಯ ಹೆಸರು ಹಾಳಾಗುತ್ತದೆ ಎಂಬ ಅಭಿಮಾನ.
• ದೊಡ್ಡವರ ಎದುರು ಮಾತಾಡಬಾರದು ಎಂಬ ಸಂಕೋಚ. ಗುರುಗಳ ಮತ್ತು ಧರ್ಮಭಗಿನಿಯರ ಎದುರು ನಮ್ಮ ಜನರಿಗೆ ಇದು ಇನ್ನೂ ಹೆಚ್ಚು.

ಆಕಾಶದಿಂದ ಕಲಿತ ಪಾಠ

ಈ ಸಂಕೋಚದ ಬೆಲೆ ಏನೆಂದು ಕರಾವಳಿಗೆ ವಿವರಿಸಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಮಂದಿ ತೀರಿಕೊಂಡರು. 8 ಮಂದಿ ಬದುಕುಳಿದರು. ಇಳಿಯುವುದನ್ನು ಬಿಟ್ಟು ವಿಮಾನವನ್ನು ಮತ್ತೆ ಮೇಲೇರಿಸುವಂತೆ ಸಹಪೈಲಟ್ ಮೂರು ಸಲ ಹೇಳಿದ್ದು, ಕ್ಯಾಪ್ಟನ್ ಹಾಗೆ ಮಾಡದಿದ್ದದ್ದು ತನಿಖೆಯಲ್ಲಿ ಹೊರಬಂತು. ಕಿರಿಯನ ಮಾತಿಗೆ ಹಿರಿಯನು ತಕ್ಷಣ ಕಿವಿಗೊಡುವಂತೆ ಮಾಡುವುದೂ ವರದಿ ವ್ಯವಸ್ಥೆಯ ಭಾಗವೇ.

ಇನ್ನೊಂದು ಉದಾಹರಣೆ ಅಮೆರಿಕದ್ದು. 1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ ಕಂಪೆನಿಯ ವಿಮಾನವೊಂದು ವಾಷಿಂಗ್ಟನ್ ಸಮೀಪದ ಬೆಟ್ಟಕ್ಕೆ ಅಪ್ಪಳಿಸಿ 92 ಮಂದಿ ಸತ್ತರು. ಕೆಲವೇ ವಾರಗಳ ಮೊದಲು ಬೇರೊಂದು ಕಂಪೆನಿಯ ವಿಮಾನ ಅದೇ ಸೂಚನೆಯನ್ನು ಅದೇ ರೀತಿ ತಪ್ಪಾಗಿ ತಿಳಿದು ಅದೇ ಬೆಟ್ಟದಿಂದ ಸ್ವಲ್ಪದರಲ್ಲಿ ಪಾರಾಗಿತ್ತು. ಅದರ ಸಿಬ್ಬಂದಿ ವರದಿ ಮಾಡಿದ್ದರು. ಕಂಪೆನಿ ತನ್ನ ಪೈಲಟ್‌ಗಳನ್ನು ಎಚ್ಚರಿಸಿತ್ತು. ಆದರೆ ಆ ಎಚ್ಚರಿಕೆ ಬೇರೆ ಕಂಪೆನಿಗಳವರಿಗೆ ತಲುಪಲಿಲ್ಲ. ಈ ದುರಂತದ ನಂತರ 1976ರಲ್ಲಿ ನಾಸಾ ಸಂಸ್ಥೆಯ ಕೈಯಲ್ಲಿ ವಿಮಾನಯಾನ ಸುರಕ್ಷತಾ ವರದಿ ವ್ಯವಸ್ಥೆ ಆರಂಭವಾಯಿತು. ಶಿಕ್ಷಿಸುವ ಅಧಿಕಾರವಿಲ್ಲದ ಸಂಸ್ಥೆಯೊಂದು ವರದಿ ಪಡೆಯುತ್ತದೆ, ಹೆಸರು ತೆಗೆದುಹಾಕುತ್ತದೆ, ಪಾಠವನ್ನು ಎಲ್ಲರಿಗೂ ಹಂಚುತ್ತದೆ. ಬೇಕೆಂದೇ ಮಾಡದ ತಪ್ಪನ್ನು 10 ದಿನಗಳೊಳಗೆ ತಿಳಿಸಿದವರಿಗೆ ದಂಡದಿಂದ ವಿನಾಯಿತಿ ದೊರೆಯುತ್ತದೆ.

ನಮ್ಮ ದೇಶದಲ್ಲಿಯೂ ಇಂಥ ಎಚ್ಚರ ಒಂದಿದೆ. ವಾಡಿ ಜಂಕ್ಷನ್ ಮೂಲಕ ಹೋಗುವ ರೈಲಾಗಲಿ ಮಂಗಳೂರಿಗೆ ಬರುವ ರೈಲಾಗಲಿ, ಗಂಭೀರ ಅಪಘಾತಕ್ಕೀಡಾದರೆ ಶಾಸನಬದ್ಧ ವಿಚಾರಣೆ ನಡೆಸುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯದವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದವರು. ತನ್ನ ತಪ್ಪನ್ನು ತಾನೇ ತನಿಖೆ ಮಾಡಬಾರದು ಎಂಬುದೇ ಇದರ ಹಿಂದಿನ ವಿವೇಕ.

ಮಕ್ಕಳ ವಿಷಯದಲ್ಲಿ ರಾಜಿ ಇಲ್ಲ

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. 18 ವರ್ಷದೊಳಗಿನ ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕವಿರುವವರು, ಯಾರೇ ಆಗಿರಲಿ, ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ತನ್ನ ಅಧೀನದಲ್ಲಿರುವವನ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಮಕ್ಕಳ ಸಹಾಯವಾಣಿ 1098.

‘ಮೊದಲು ನಾವು ವಿಚಾರಿಸಿ ನೋಡುವ, ಸತ್ಯವಾಗಿದ್ದರೆ ಪೊಲೀಸರಿಗೆ ಹೇಳುವ’ ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬರಬಹುದು. ಆದರೆ ಕಾನೂನು ಆ ಅವಕಾಶ ಕೊಟ್ಟಿಲ್ಲ. ತನಿಖೆ ಪೊಲೀಸರ ಕೆಲಸ. ಮಗುವನ್ನು ಕಾಪಾಡಿ ತಿಳಿಸುವುದು ನಮ್ಮ ಕೆಲಸ. ಮಗುವಿನ ಹೆಸರು, ಗುರುತು ಯಾರಿಗೂ ಹೋಗಬಾರದು.

ಧರ್ಮಸಭೆ ಈ ವಿಷಯದಲ್ಲಿ ಬಹಳ ತಡವಾಗಿ ಎಚ್ಚೆತ್ತಿತು. ಅನೇಕ ದೇಶಗಳಲ್ಲಿ ದೂರು ಕೊಟ್ಟವರನ್ನು ಸುಮ್ಮನಾಗಿಸಿ, ಆರೋಪಿಯನ್ನು ಬೇರೆ ಧರ್ಮಕೇಂದ್ರಕ್ಕೆ ವರ್ಗಾಯಿಸಿದ ಪ್ರಕರಣಗಳು ದಾಖಲಾಗಿವೆ. ಹೆಸರನ್ನು ಉಳಿಸಲು ಹೋಗಿ ಮಕ್ಕಳನ್ನು ಬಲಿಕೊಟ್ಟದ್ದನ್ನು ನಾವು ಬೇರೆ ಮಾತಿನಲ್ಲಿ ಹೇಳಲಾರೆವು. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಎಂಬ ಕಟ್ಟಳೆಯನ್ನು ಹೊರಡಿಸಿದರು. 2023ರಲ್ಲಿ ಅದನ್ನು ಪರಿಷ್ಕರಿಸಿ ಸ್ಥಿರಗೊಳಿಸಿದರು. ಅದರಂತೆ ಗುರುಗಳೂ ಧಾರ್ಮಿಕ ಸಭೆಗಳವರೂ ಇಂಥ ವಿಷಯ ತಿಳಿದ ಕೂಡಲೇ ಸ್ಥಳೀಯ ಧರ್ಮಾಧ್ಯಕ್ಷರಿಗೆ ತಿಳಿಸಲು ಬದ್ಧರು. ದೂರು ಸ್ವೀಕರಿಸಲು ಜನರಿಗೆ ಸುಲಭವಾಗಿ ಸಿಗುವ ವ್ಯವಸ್ಥೆ ಇರಬೇಕು. ದೂರು ಕೊಟ್ಟವರಿಗೆ ತೊಂದರೆ ಕೊಡಬಾರದು, ಬಾಯಿ ಮುಚ್ಚಿಕೊಂಡಿರಿ ಎಂದು ಕಟ್ಟುಪಾಡು ಹಾಕಬಾರದು. ಇದು ದೇಶದ ಕಾನೂನಿಗೆ ಬದಲಿಯಲ್ಲ. ಧರ್ಮಾಧ್ಯಕ್ಷರಿಗೆ ತಿಳಿಸಿದ ಮಾತ್ರಕ್ಕೆ ಪೊಲೀಸರಿಗೆ ತಿಳಿಸುವ ಹೊಣೆ ತೀರುವುದಿಲ್ಲ.

ಪಾಪನಿವೇದನೆಯ ಮುದ್ರೆಯನ್ನು ಇದರೊಂದಿಗೆ ಬೆರೆಸಬಾರದು. ಕಚೇರಿಯಲ್ಲಿ, ಶಾಲೆಯ ಅಂಗಳದಲ್ಲಿ, ಫೋನಿನಲ್ಲಿ ಕೇಳಿದ ಮಾತಿಗೆ ಆ ಮುದ್ರೆಯ ರಕ್ಷಣೆ ಇಲ್ಲ.

ಮಹಿಳಾ ನೌಕರರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಪ್ರತ್ಯೇಕ ಕಾಯ್ದೆ ಇದೆ. 10 ಅಥವಾ ಹೆಚ್ಚು ನೌಕರರಿರುವ ಕಡೆ ಹಿರಿಯ ಮಹಿಳೆಯೊಬ್ಬರ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರಬೇಕು. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಶಾಲೆ, ಆಸ್ಪತ್ರೆಗಳೂ ಇದರ ವ್ಯಾಪ್ತಿಗೆ ಬರುತ್ತವೆ.

ವರದಿ ಬರೆಯುವ ಕ್ರಮ

1. ಮೊದಲು ಗಾಯಾಳುವನ್ನು ನೋಡಿ, ಅಪಾಯವನ್ನು ನಿಲ್ಲಿಸಿ. ಆಮೇಲೆ ಕಾಗದ.
2. ಅದೇ ದಿನ ಬರೆಯಿರಿ. ನಾಳೆಗೆ ನೆನಪು ಬದಲಾಗುತ್ತದೆ.
3. ಎಲ್ಲಿ, ಎಂದು, ಎಷ್ಟು ಹೊತ್ತಿಗೆ, ಯಾರಿಗೆ, ಏನಾಯಿತು, ಯಾರು ನೋಡಿದರು, ತಕ್ಷಣ ಏನು ಮಾಡಲಾಯಿತು: ಇಷ್ಟು ಸಾಕು.
4. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. ‘ಅಜಾಗರೂಕತೆಯಿಂದ’ ಎಂದು ತೀರ್ಪು ಕೊಡಬೇಡಿ. ‘ನೆಲ ಒದ್ದೆಯಾಗಿತ್ತು, ದೀಪ ಉರಿಯುತ್ತಿರಲಿಲ್ಲ’ ಎಂದು ಬರೆಯಿರಿ.
5. ಇದಕ್ಕೆ ಮೊದಲು ಯಾರಾದರೂ ಈ ಅಪಾಯದ ಬಗ್ಗೆ ಹೇಳಿದ್ದರೇ? ಈ ಪ್ರಶ್ನೆ ಪ್ರತಿಯೊಂದು ನಮೂನೆಯಲ್ಲಿ ಇರಲಿ. ಉತ್ತರಿಸಲು ಕಷ್ಟವಾಗುವುದು ಇದಕ್ಕೇ.
6. ಬರೆಯಲು ಬಾರದವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟಿನ ಗುರುತು ಪಡೆಯಿರಿ. ಕೊಂಕಣಿ, ತುಳು, ಹಿಂದಿ, ಯಾವ ಭಾಷೆಯಾದರೂ ನಡೆಯಲಿ.
7. ಬರೆದದ್ದನ್ನು ಅಳಿಸಬೇಡಿ. ತಿದ್ದುಪಡಿ ಬೇಕಾದರೆ ಕೆಳಗೆ ದಿನಾಂಕ ಹಾಕಿ ಸೇರಿಸಿ.

ಮುಖ್ಯಸ್ಥರ ಹೊಣೆ

ವರದಿ ತಂದವರಿಗೆ ಮೊದಲು ಕೃತಜ್ಞತೆ ಹೇಳಬೇಕು, ಪ್ರಶ್ನೆ ಆಮೇಲೆ. ಒಂದು ವಾರದೊಳಗೆ ಅವರನ್ನು ಕರೆದು ಏನು ಮಾಡಿದೆವು, ಏನು ಮಾಡಲಾಗಲಿಲ್ಲ ಎಂದು ತಿಳಿಸಬೇಕು. ವರದಿ ಮುಖ್ಯಸ್ಥರ ಬಗ್ಗೆಯೇ ಆಗಿದ್ದರೆ ಅದು ಹೋಗಲು ಬೇರೊಂದು ದಾರಿ, ಬೇರೊಂದು ಹೆಸರು ಗೋಡೆಯ ಮೇಲೆ ಬರೆದಿರಬೇಕು. ಮೂರು ತಿಂಗಳಿಗೊಮ್ಮೆ ರಿಜಿಸ್ಟರನ್ನು ಹೊರಗಿನವರೊಬ್ಬರು ನೋಡಲಿ. ಅದರಲ್ಲಿ ಒಂದು ಘಟನೆಯೂ ಇಲ್ಲದಿದ್ದರೆ ಸಂತೋಷಪಡುವ ಮೊದಲು ಅಡುಗೆಯವರನ್ನೂ ಚಾಲಕರನ್ನೂ ಕಾವಲುಗಾರರನ್ನೂ ಕೂರಿಸಿ ಕೇಳಲಿ. ಖಾಲಿ ರಿಜಿಸ್ಟರ್ ಸುರಕ್ಷತೆಯ ಪ್ರಮಾಣಪತ್ರವಲ್ಲ.

ಧರ್ಮಕೇಂದ್ರದ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ ನೋಡಿ: ನಮ್ಮ ಸಂಸ್ಥೆಗಳಲ್ಲಿ ಘಟನೆಗಳ ಪುಸ್ತಕ ಇದೆಯೇ? ಅದು ಎಲ್ಲಿದೆ ಎಂದು ಗುಡಿಸುವವರಿಗೆ ಗೊತ್ತಿದೆಯೇ? ಕೊನೆಯದಾಗಿ ಅದರಲ್ಲಿ ಬರೆದದ್ದು ಯಾವಾಗ, ಆ ಮೇಲೆ ಏನು ಮಾಡಿದೆವು?

ಸನ್ನತಿಯ ಕಲ್ಲಿನಲ್ಲಿ ಬರೆದದ್ದು ಜನರಿಗೆ ಓದಿ ಹೇಳಲೆಂದು. ಅದು ಪೀಠವಾಗಿ ಬಿದ್ದಿತ್ತು, ಯಾರೂ ಓದಲಿಲ್ಲ. ಛಾವಣಿ ಬಿದ್ದ ಮೇಲೆ ಓದಿದರು. ನಮ್ಮ ಕಪಾಟುಗಳಲ್ಲಿರುವ ಪುಸ್ತಕಗಳನ್ನು, ಬಾಗಿಲ ಬಳಿ ನಿಂತು ‘ಫಾದರ್, ಒಂದು ಮಾತು’ ಎನ್ನುವವರ ದನಿಯನ್ನು, ಅದಕ್ಕೆ ಮೊದಲೇ ಕೇಳಿಸಿಕೊಳ್ಳೋಣ.